ಆರಿಸಿದ ಸರ್ವರ್

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಕಂಪ್ಯೂಟರುಗಳ ಉಸಾಬರಿಯೆಲ್ಲ ನನ್ನ ತಲೆಗಿತ್ತು. ಒಂದು ಮುಂಗಾರಿನಲ್ಲಿ ಸಿಡಿಲಿಗೆ ನಮ್ಮ ಮೈಲ್ ಸರ್ವರ್ ಸುಟ್ಟುಹೋಯಿತು. ಅದು ರಿಪೇರಿಯಾಗಿ ಬರುವಷ್ಟರಲ್ಲಿ ವಿದೇಶದ ಗಿರಾಕಿಯೊಬ್ಬರ ಆರ್ಡರ್ ಮೈಲ್ ಕಳಿಸಿದವರಿಗೇ ವಾಪಸಾಗಿತ್ತು. ಅವರು ಬೇರೆ ಕಡೆ ಹೋದರು. ಇನ್ನೊಮ್ಮೆ ಹೀಗಾದರೆ ನೀವೂ ಬೇರೆ ಕಡೆ ನೋಡಿಕೊಳ್ಳಿ ಎಂದರು ಯಜಮಾನರು. ಆಮೇಲೆ ಮನೆಯಲ್ಲಿ ಕರೆಂಟ್ ಹೋದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಅದಕ್ಕೇ ಎರಡನೆಯ ಸರ್ವರ್. ಮೊದಲನೆಯದು ಮಲಗಿದಾಗ ಬಂದ ಮೈಲನ್ನು ಹಿಡಿದಿಟ್ಟುಕೊಂಡು, ಅದು ಎದ್ದ ಮೇಲೆ ಒಪ್ಪಿಸುವುದಷ್ಟೇ ಇದರ ಕೆಲಸ. ಒಂದೇ ಸಿಡಿಲಿಗೆ ಎರಡೂ ಹೋದಾವೆಂದು ಇದನ್ನು ತಿ. ನರಸೀಪುರದ ಶಾಖೆಯಲ್ಲಿಡುವುದೆಂದಾಯಿತು. ಅಲ್ಲಿದ್ದದ್ದು ರೇಷ್ಮೆಗೂಡಿನ ಖರೀದಿ ನೋಡಿಕೊಳ್ಳುವ ಮೂಗೂರಿನ ಹೆಂಗಸೊಬ್ಬರೇ. ಹಾಗಾಗಿ ಯಾರೂ ವಿಚಾರಿಸದಿದ್ದರೂ ನಡೆಯುವ ಸಾಫ್ಟ್‌ವೇರ್ ಬೇಕಿತ್ತು. ಮೊದಲು ಹಾಕಿದ್ದು ಹೊಸ ಅಳಿಯನ ಹಾಗೆ ದಿನಾ ಉಪಚಾರ ಬೇಡುತ್ತಿತ್ತು. ಇನ್ನೊಂದು, ಕರೆಂಟ್ ಹೋಗಿ ಬಂದರೆ ತಾನಾಗಿ ಏಳುತ್ತಿರಲಿಲ್ಲ. ಬಸ್ಸು ಹತ್ತಿ ಇಳಿದು ನನಗೆ ಸಾಕುಬೇಕಾಯಿತು. ಕೊನೆಗೆ ಸಿಕ್ಕಿದ್ದು ಪುಟ್ಟದೊಂದು, ಬೇರಾವ ವಿದ್ಯೆಯೂ ಬಾರದ್ದು. ಪ್ಲಗ್ ಕಿತ್ತು ಮತ್ತೆ ಹಾಕಿದರೂ ತನ್ನ ಪಾಡಿಗೆ ತಾನು ಎದ್ದು ಕೆಲಸಕ್ಕೆ ಕೂರುತ್ತಿತ್ತು. ಅದನ್ನೇ ಆರಿಸಿದೆ. ಇದಕ್ಕೆ ನೀವೇನೂ ಮಾಡಬೇಕಿಲ್ಲ ಎಂದು ಆಕೆಗೆ ಹೇಳಿ ಬಂದೆ.

ಆಯುಧಪೂಜೆ ಬಂತು. ಅವತ್ತೇ ಹೊಸ ಗಿರಾಕಿಯ ಆರ್ಡರ್ ಬರಬೇಕಿತ್ತು. ಯಜಮಾನರು ಮಿಷಿನ್ನುಗಳಿಗೆಲ್ಲ ಕುಂಕುಮವಿಟ್ಟು, ಮಂಗಳಾರತಿ ಎತ್ತಿ, ಮರುದಿನದ ಪೂಜೆಯವರೆಗೆಂದು ಕಾರ್ಖಾನೆಯ ಮೇನ್ ಸ್ವಿಚ್ಚನ್ನೇ ಇಳಿಸಿ ಬೀಗ ಹಾಕಿದರು. ನಾನು ಹೆದರಲಿಲ್ಲ, ನರಸೀಪುರದ್ದು ಇದೆಯಲ್ಲ. ಒಬ್ಬಟ್ಟು ತಿಂದು, ಸುಮ್ಮನೆ ಒಂದು ಮಾತು ಕೇಳೋಣವೆಂದು ಆಕೆಗೆ ಫೋನ್ ಮಾಡಿದೆ.

“ಪೂಜೆ ಚೆನ್ನಾಗ್ ಆಯ್ತು ಸಾ. ನಿಮ್ ಮಿಷಿನ್ಗೂ ಊವ ಮುಡ್ಸಿ ಆರ್ಸ್ದೆ. ವರ್ಸೆಲ್ಲಾ ದುಡೀತದೆ, ಪಾಪ, ಒಂದಿನ ಮಲಿಕ್ಕೊಳ್ಳಿ ಅಂತ.”

ನಾನೊಂದು ಬಗೆಯಲ್ಲಿ ಆರಿಸಿದ್ದನ್ನು ಆಕೆ ಇನ್ನೊಂದು ಬಗೆಯಲ್ಲಿ ಆರಿಸಿದ್ದರು. ಆಫೀಸಿಗೆ ಬೀಗ ಹಾಕಿ ಆಗಲೇ ಮೂಗೂರು ಸೇರಿದ್ದರು. ಪೂಜೆಗೆ ಕೂತದ್ದನ್ನು ನಾಳೆಯ ಪೂಜೆಗೆ ಮುಂಚೆ ಎಬ್ಬಿಸಬಾರದಂತೆ. ಫೋನ್ ಇಟ್ಟೆ. ಮೈಲ್ ತಲುಪದಿದ್ದರೆ ಕಳಿಸಿದ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆಂದು ಗೊತ್ತಿತ್ತು. ಆದರೆ ಎಷ್ಟು ಹೊತ್ತು ಎನ್ನುವುದು ಆ ಕಡೆಯವರ ಮರ್ಜಿ. ಕಪಿಲೆಯ ದಡಕ್ಕೆ ಹೋದೆ, ಕೂರಲಾಗಲಿಲ್ಲ. ಮನೆಗೆ ಬಂದೆ, ನಿಲ್ಲಲಾಗಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೆ ಓಡಾಡುತ್ತೀರಿ ಎಂದು ಹೆಂಡತಿ ರೇಗಿದಳು.

ಬೆಳಿಗ್ಗೆ ಮೊದಲ ಬಸ್ಸಿಗೇ ನರಸೀಪುರಕ್ಕೆ ಓಡಿದೆ. ಆಕೆ ನಿಧಾನವಾಗಿ ಬಂದು, ಊದುಬತ್ತಿ ಹಚ್ಚಿ, ಸ್ವಿಚ್ ಒತ್ತಿದರು. ಸರ್ವರ್ ತಾನಾಗಿ ಎದ್ದಿತು. ಸ್ವಲ್ಪ ಹೊತ್ತಿಗೆ ಆರ್ಡರ್ ಮೈಲ್ ಬಂದು ಬಿತ್ತು. ನನ್ನ ಕೆಲಸ ಉಳಿಯಿತು. ಕುರ್ಚಿಯಲ್ಲಿ ಕುಸಿದು ಕೂತೆ.

ಬಾಡಿದ ಹೂವು ತೆಗೆಯುತ್ತಾ ಆಕೆ ನನ್ನ ಕೆಂಪು ಕಣ್ಣು ನೋಡಿದರು.

“ಇದು ಚೆನ್ನಾಗ್ ಮಲ್ಗಿ ಎದ್ದದೆ ಸಾ. ನಿಮ್ಮನ್ನ ಆಫ್ ಮಾಡೋ ಸ್ವಿಚ್ ಎಲ್ಲದೆ?”

ನಾನು ನಗುವಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗತೊಡಗಿತು. ಆಕೆ ಹೂವು ತೆಗೆಯುತ್ತಲೇ ಇದ್ದರು. ನಾನು ಆಗಲೇ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.