ಪಕ್ಕದ ಸೀಟಿನ ಹದಿನೇಳು ಗಂಟೆ

ಮುಂಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿಮೂರು ಸಾವಿರದ ಐನೂರು ಕಿಲೋಮೀಟರ್. ಎಲ್ಲೂ ಇಳಿಯದೆ ಹಾರಿದರೂ ಹತ್ತಿರ ಹತ್ತಿರ ಹದಿನೇಳು ಗಂಟೆ. ಸುಮ್ಮನೆ ಕೂರಲಾಗದೆ ಫೋನಿನಲ್ಲಿ ಹುಡುಕಿ ತಿಳಿದುಕೊಂಡಿದ್ದೆ. ನನ್ನ ಗಂಡ ಆಫೀಸಿನ ಕೆಲಸಕ್ಕೆಂದು ಅಲ್ಲಿಗೆ ಹೊರಟಿದ್ದರು, ಜೊತೆಗೆ ಅವರ ವಿಭಾಗದ ಒಬ್ಬ ಹುಡುಗಿ. ಇಬ್ಬರಿಗೂ ಅಕ್ಕಪಕ್ಕದ ಸೀಟು.

ಹೊಟ್ಟೆಕಿಚ್ಚು ಪಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅವರಿಬ್ಬರ ಮೇಲೆ ಅನುಮಾನ ಪಡುವಷ್ಟು ದಡ್ಡಿ ನಾನಲ್ಲ. ಆ ಹುಡುಗಿಗೆ ನನ್ನ ಅರ್ಧ ವಯಸ್ಸು. ನನ್ನ ಸಂಕಟವೆಲ್ಲ ಆ ಹದಿನೇಳು ಗಂಟೆಗಳದ್ದು. ಮದುವೆಯಾದಂದಿನಿಂದ ನಾವಿಬ್ಬರು ಒಂದೇ ಕಡೆ ಅಷ್ಟು ಹೊತ್ತು ಕೂತದ್ದೇ ಇಲ್ಲ. ಅವರು ಬೆಳಿಗ್ಗೆ ಸಾಂತಾಕ್ರೂಜಿನಲ್ಲಿ ಲೋಕಲ್ ಹಿಡಿದು ಪರೇಲಿನ ಆಫೀಸಿಗೆ ಓಡುತ್ತಾರೆ, ನಾನು ಕುರ್ಲಾದ ಶಾಲೆಗೆ ಪಾಠ ಹೇಳಲು ಓಡುತ್ತೇನೆ. ರಾತ್ರಿ ಊಟದ ಹೊತ್ತಿಗೆ ಉಳಿಯುವುದು ಹಾಲು, ಗ್ಯಾಸು, ಹೌಸಿಂಗ್ ಸೊಸೈಟಿಯ ನೀರಿನ ಮಾತು. ನನಗೆ ಬಿಡುವಾಗಿ ಸಿಗದ ಮನುಷ್ಯ, ಬೆಲ್ಟು ಕಟ್ಟಿಸಿಕೊಂಡು ಇನ್ನೊಬ್ಬಳಿಗೆ ಪುಕ್ಕಟೆ ಸಿಕ್ಕಿದ್ದ.

ಅವರು ವಾಪಸು ಬಂದ ಮೇಲೆ ಒಂದು ಭಾನುವಾರ ಅವಳನ್ನು ಊಟಕ್ಕೆ ಕರೆಯಲು ನಾನೇ ಹೇಳಿದೆ. ನೋಡಿಯೇಬಿಡೋಣ ಎನಿಸಿತ್ತು. ಮುಂಬೈಯಲ್ಲೇ ಬೆಳೆದ ಕನ್ನಡದ ಹುಡುಗಿ. ಒಳ್ಳೆಯವಳೇ, ಅದನ್ನೂ ನನಗೆ ಸಹಿಸಲಾಗಲಿಲ್ಲ. ಎರಡನೆಯ ಸಲ ಬಿಸಿಬೇಳೆಬಾತ್ ಹಾಕಿಸಿಕೊಳ್ಳುತ್ತಾ ಹೇಳಿದಳು: "ಸರ್ ಜಾಬ್ ಬಿಟ್ಟು ಮೈಸೂರ್‌ಗೆ ಶಿಫ್ಟ್ ಆದ್ಮೇಲೆ ನಮ್ಗೆ ಇದೆಲ್ಲ ಯಾರು ಕೊಡ್ತಾರೆ, ಆಂಟಿ?"

ಅವರು ಸರ್, ನಾನು ಆಂಟಿ. ಅದಾದರೂ ಹೋಗಲಿ. ಕೆಲಸ ಬಿಡುವ ವಿಷಯ, ಮೈಸೂರಿನ ವಿಷಯ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ನಗುತ್ತಲೇ ಅವಳಿಗೆ ತುಪ್ಪ ಬಡಿಸಿದೆ.

ಮುಂದಿನ ತಿಂಗಳು ಮೈಸೂರಿನಲ್ಲಿ ಬಂಧುಗಳ ಮದುವೆಯಿತ್ತು. ಬೆಂಗಳೂರಿನವರೆಗೆ ವಿಮಾನದಲ್ಲಿ ಎರಡು ಗಂಟೆಯೂ ಬೇಡ ಎಂದು ಅವರು ಟಿಕೆಟ್ ನೋಡುತ್ತಿದ್ದರು. ನಾನು ಹಟ ಹಿಡಿದು ರೈಲಿಗೇ ಮಾಡಿಸಿದೆ. ದಾದರಿನಲ್ಲಿ ಹತ್ತಿದರೆ ಒಂದು ರಾತ್ರಿ, ಒಂದು ಇಡೀ ಹಗಲು. ನನ್ನ ಪಾಲಿನ ಗಂಟೆಗಳು ನನಗೆ ಬೇಕಿದ್ದವು.

ರಾತ್ರಿಯೆಲ್ಲ ಅವರು ಗೊರಕೆ ಹೊಡೆದರು. ಬೆಳಿಗ್ಗೆ ಎದ್ದವರು ಎದುರು ಸೀಟಿನವರ ಜೊತೆ ಕ್ರಿಕೆಟ್ ಹರಟೆಗೆ ಕೂತರು. ಆ ಮನುಷ್ಯ ಬೆಳಗಾವಿಯಲ್ಲಿ ಇಳಿದದ್ದೇ ತಡ, ಕೇಳಿಬಿಟ್ಟೆ.

"ಅವಳಿಗೆ ಹೇಳಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ ನೀವು?"

ಅವರು ಕಿಟಕಿಯ ಕಡೆ ತಿರುಗಿದರು. "ಅವಳು ಬೇಡ ಅಂದಿದ್ರೆ ನನಗೇನೂ ಆಗ್ತಿರ್ಲಿಲ್ಲ ಕಣೆ," ಎಂದರು. "ನೀನು ಬೇಡ ಅಂದ್ರೆ ಅಲ್ಲಿಗೆ ಮುಗೀತು. ಅದಕ್ಕೇ ಇನ್ನೂ ಸ್ವಲ್ಪ ದಿನ ನನ್ನಲ್ಲೇ ಇಟ್ಕೊಂಡಿದ್ದೆ."

ನನ್ನ ಶಾಲೆ, ನನ್ನ ಗೆಳತಿಯರು, ನನ್ನದೆನ್ನುವುದೆಲ್ಲ ಇರುವುದು ಮುಂಬೈಯಲ್ಲಿ. ಆ ಭಾನುವಾರದಿಂದಲೂ ಬೇಡ ಎನ್ನಲು ಸಿದ್ಧಳಾಗಿಯೇ ಇದ್ದೆ. ಈಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಮೈಸೂರು ಇನ್ನೂ ಅಷ್ಟು ದೂರವಿತ್ತು. ಆ ಹುಡುಗಿಯ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು. ಅವಳಿಗೆ ಸುಮ್ಮನೆ ಕೇಳಿಸಿಕೊಂಡರೆ ಸಾಕಿತ್ತು, ನಾನಾದರೋ ಈಗ ಉತ್ತರ ಕೊಡಬೇಕಿತ್ತು.