ತಿರಸ್ಕೃತ ಎಂಬ ಫೋಲ್ಡರ್

ನಮ್ಮಣ್ಣ ಸತ್ತು ಆರು ವರ್ಷವಾಯಿತೆಂದು ನಮಗೆ ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ. ಹೇಳಿದವನೂ ಅವನೇ. ಗಾಬರಿಯಾಗಬೇಡಿ, ಅಣ್ಣ ಗುಂಡುಕಲ್ಲಿನ ಹಾಗಿದ್ದಾನೆ. ಸತ್ತಿರಬೇಕಾಗಿದ್ದದ್ದು ಆಟದಲ್ಲಿ ಅವನು ನಡೆಸುವ ಕಾವಲುಗಾರ. ಆದರೂ ಆ ಮಾತು ಹೇಳುವಾಗ ಅವನ ಮುಖ ಬಿಳಿಚಿಕೊಂಡಿತ್ತು.

ಅಣ್ಣ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ. ಇಪ್ಪತ್ತೆರಡು ವರ್ಷ ನಟ್ಟು, ಬೋಲ್ಟು, ವಾಷರುಗಳ ಡಬ್ಬಿಗೆ ಚೀಟಿ ಅಂಟಿಸಿದವನು. ಕಾರ್ಖಾನೆ ಮುಚ್ಚಿದ ಮೇಲೆ ಬಹಳ ದಿನ ಮನೆಯಲ್ಲಿ ಕೂತು, ಆಮೇಲೆ ಆಸ್ಪತ್ರೆಯೊಂದರ ಹಳೆಯ ಫೈಲುಗಳ ಕೋಣೆ ಸೇರಿಕೊಂಡ. ಅಲ್ಲೂ ಚೀಟಿ, ಮನೆಯಲ್ಲೂ ಚೀಟಿ. ಅತ್ತಿಗೆ ಒಂದು ದಿನ ರೇಗಿ, ಅವನ ಅಂಗಿಯ ಬೆನ್ನಿಗೆ "ಗಂಡ" ಎಂದು ಚೀಟಿ ಅಂಟಿಸಿ ಕೆಲಸಕ್ಕೆ ಕಳಿಸಿದ್ದರು. ಸಂಜೆ ಬಂದವನು ಅದನ್ನು ಕಿತ್ತು ನೋಡಿ, "ತಾರೀಕೇ ಹಾಕಿಲ್ವಲ್ಲೇ" ಅಂದ. ಇಂಥವನ ಜೊತೆ ಬದುಕುವುದು ಅತ್ತಿಗೆಯ ಪುಣ್ಯವೋ ಪಾಪವೋ ನಾನು ಹೇಳಲಾರೆ.

ನನ್ನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಜನ ಪ್ರತಿ ಭಾನುವಾರ ಆಟಕ್ಕೆ ಕೂಡುತ್ತಿದ್ದೆವು. ನಮ್ಮ ಬೀದಿಯ ಮೇಷ್ಟ್ರೊಬ್ಬರು ಕಥೆ ಕಟ್ಟುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತೇವೆ. ಕತ್ತಿಯ ಏಟು ತಗುಲಿತೋ ತಪ್ಪಿತೋ ದಾಳ ಹೇಳುತ್ತದೆ. ಅಣ್ಣನದು ಕೋಟೆಯ ಕಾವಲುಗಾರ, ನಾನು ಬೀಗ ಒಡೆಯುವವಳು. ನಾಲ್ಕನೆಯವನು ಎಲೆಕ್ಟ್ರಿಷಿಯನ್, ಅಣ್ಣನ ಜೊತೆ ಒಂದನೇ ಕ್ಲಾಸಿನಿಂದ ಓದಿದವನು. ಸಿಟ್ಟು ಬಂದರೆ ಕೂಗಾಡದೆ ಫಕ್ಕನೆ ಆರಿಹೋಗುತ್ತಿದ್ದರಿಂದ ಅವನಿಗೆ ಫ್ಯೂಸು ಎಂದೇ ಹೆಸರು. ಅವನ ಪಾತ್ರ ಒಬ್ಬ ಕುಂಟ ವೈದ್ಯ.

ಪಾತ್ರಗಳ ಬಲಾಬಲವನ್ನೆಲ್ಲ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಆಟ ನಡೆದಂತೆ ಏರಿಳಿಯುವ ಅಂಕಗಳನ್ನು ನಾವು ಯಾರೂ ಕೂಡಿಸಿ ನೋಡುತ್ತಿರಲಿಲ್ಲ. ನಿಯಮದ ಪುಸ್ತಕದಲ್ಲಿರುವುದು ಅದಕ್ಕೆ ಮೊದಲೇ ಗೊತ್ತು. ನಾವೇ ಹುಟ್ಟಿಸಿದ ಮಂತ್ರ, ಆಯುಧ, ವರ, ಶಾಪ ಏನೇ ಇದ್ದರೂ ಪುಟ್ಟ ಫೈಲಾಗಿ ಬರೆದು ಒಂದು ಫೋಲ್ಡರಿಗೆ ಹಾಕಬೇಕು. ಅಂಥ ಫೈಲಿಗೆ ನಾವು ಆಕರ ಅನ್ನುತ್ತಿದ್ದೆವು. ಆಕರಗಳ ಉಸ್ತುವಾರಿ ಅಣ್ಣನದು, ಬೇರೆ ಯಾರದಾಗಲು ಸಾಧ್ಯ? ಪ್ರತಿ ಫೈಲಿನ ತಲೆಯಲ್ಲಿ ಬರೆದವರ ಹೆಸರು, ತಾರೀಕು, ನಂಬರು ಇರಬೇಕು. ಮೇಜಿನ ಮೇಲೆ ಗಟ್ಟಿಯಾಗಿ ಓದಬೇಕು. ನಾಲ್ವರೂ ಒಪ್ಪಿದರೆ ಮಾತ್ರ ಅದು ಫೋಲ್ಡರಿಗೆ ಹೋಗಬೇಕು. ಕಾರ್ಖಾನೆ ಮುಚ್ಚಿದ ವರ್ಷ ಈ ನಿಯಮಗಳು ಇನ್ನೂ ಬಿಗಿಯಾದವು. ಆ ವರ್ಷ ಅವನ ಕೈಯಲ್ಲಿ ಉಳಿದಿದ್ದ ಸ್ಟೋರ್ ರೂಮು ಅದೊಂದೇ.

ಆ ವರ್ಷವೇ ಆದದ್ದು. ಫ್ಯೂಸು ಒಂದು ಬುಧವಾರ ಅಂಗಡಿಯ ವೈರಿಂಗ್ ನೋಡಲು ಬಂದವನು ಸ್ವಲ್ಪ ಹೊತ್ತು ಕಂಪ್ಯೂಟರಿನ ಮುಂದೆ ಕೂತಿದ್ದ. ಒಂದು ತಿಂಗಳು ಕಳೆದ ಮೇಲೆ ಮಾತಿನ ಮಧ್ಯೆ ನಾನೇ ಅದನ್ನು ಅಣ್ಣನ ಕಿವಿಗೆ ಹಾಕಿದೆ. ನನ್ನ ನಾಲಗೆಗೆ ಬೆಂಕಿ ಬೀಳಲಿ. ಅಣ್ಣ ಫೋಲ್ಡರ್ ಜಾಲಾಡಿದ. ನಂಬರಿಲ್ಲದ, ಯಾರೂ ಒಪ್ಪದ ಒಂದು ಫೈಲು ಸಿಕ್ಕಿತು. ಬರೆದವರು ಎಂಬಲ್ಲಿ ಫ್ಯೂಸುವಿನ ಹೆಸರಿತ್ತು.

"ಏನೋ ಇದು?" ಅಂದ ಅಣ್ಣ, ಎಲ್ಲರ ಮುಂದೆ.

ಫ್ಯೂಸು ಮೇಜಿನ ಮೇಲಿದ್ದ ತನ್ನ ದಾಳಗಳನ್ನು ಒಂದೊಂದೇ ಹತ್ತಿರಕ್ಕೆಳೆದುಕೊಂಡ.

"ಇಷ್ಟು ವರ್ಷದ ಸ್ನೇಹ ಇಟ್ಕೊಂಡು ಮೋಸ ಮಾಡಿದ್ಯಲ್ಲೋ! ಕಳ್ಳತನದಿಂದ ಗೆದ್ದು ಏನ್ ಸಿಗುತ್ತೆ ನಿನಗೆ?"

ಮೇಷ್ಟ್ರು, "ಒಂದ್ಸಲ ತೆಗೆದು ಓದಿ ನೋಡೋಣ" ಅಂದರು. "ನಂಬರಿಲ್ಲದ್ದನ್ನ ನಾನು ಓದಲ್ಲ ಸಾರ್" ಅಂದ ಅಣ್ಣ. ಫ್ಯೂಸು ತನ್ನ ದಾಳಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಅಣ್ಣ ಆಕರಗಳ ಫೋಲ್ಡರಿನ ಒಳಗೇ ಇನ್ನೊಂದು ಫೋಲ್ಡರ್ ಮಾಡಿ, ಅದಕ್ಕೆ "ತಿರಸ್ಕೃತ" ಎಂದು ಹೆಸರಿಟ್ಟು, ಫೈಲನ್ನು ಅದರೊಳಗೆ ತಳ್ಳಿದ. ಅಳಿಸುವುದು ಅವನ ಜಾಯಮಾನವಲ್ಲ. ಕೆಟ್ಟ ವಾಷರಿಗೂ ಅವನ ಸ್ಟೋರಿನಲ್ಲಿ ಒಂದು ಡಬ್ಬಿ ಇತ್ತು.

ಏಳು ವರ್ಷ ಹೀಗೇ ಕಳೆಯಿತು. ಫ್ಯೂಸು ಎದುರಿಗೆ ಬಂದರೆ ಅಣ್ಣ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದ. ಇತ್ತ ಕಾವಲುಗಾರ ಮಾತ್ರ ಸಾಯಲೇ ಇಲ್ಲ. ನಾಲ್ಕು ಸಲ ಅವನ ಪ್ರಾಣ ಕೂದಲೆಳೆಯಲ್ಲಿ ಉಳಿಯಿತು. ಅಣ್ಣ ಎದೆಯುಬ್ಬಿಸಿ, "ನಿಯತ್ತಾಗಿ ಆಡಿದ್ರೆ ದಾಳಾನೂ ಕೈಹಿಡಿಯುತ್ತೆ" ಅನ್ನುತ್ತಿದ್ದ. ಕೇಳಿ ಕೇಳಿ ನಮಗೆ ಸಾಕಾಗಿತ್ತು.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಅಂಗಡಿಗೆ ಹೊಸ ಕಂಪ್ಯೂಟರ್ ತಂದಿದ್ದೆ. ಅಣ್ಣ ಬೆಳಿಗ್ಗೆಯಿಂದ ಕೂತು ಆಕರಗಳನ್ನೆಲ್ಲ ಹೊಸದರಲ್ಲಿ ಜೋಡಿಸಿದ. "ತಿರಸ್ಕೃತ"ವನ್ನು ಹಳೆಯದರಲ್ಲೇ ಬಿಟ್ಟ. ಆಮೇಲೆ ಕಾವಲುಗಾರನನ್ನು ತೆರೆದರೆ ಪರದೆಯ ಮೇಲೆ ಕೆಂಪು ಸಾಲು: ಒಂದು ಆಕರ ಕಾಣೆಯಾಗಿದೆ. ಅರವತ್ತೊಂದು ಇದ್ದ ಜೀವದ ಅಂಕ ನಲವತ್ತೊಂದಕ್ಕೆ ಇಳಿದಿತ್ತು.

ಅಣ್ಣ ಮೂರು ಸಲ ಮುಚ್ಚಿ ತೆರೆದ. ನಲವತ್ತೊಂದೇ. ಒಂದೊಂದೇ ಫೈಲು ತಾಳೆ ನೋಡಿದ, ಎಲ್ಲವೂ ಇದ್ದವು. ಉಳಿದದ್ದು ಆ ಒಂದು ಫೋಲ್ಡರ್. ಅದನ್ನು ತಂದು ಹಾಕಿದ ತಕ್ಷಣ ಕೆಂಪು ಸಾಲು ಹೋಗಿ ಅರವತ್ತೊಂದು ಬಂತು. ಸಾಫ್ಟ್‌ವೇರ್ ಆಕರಗಳ ಫೋಲ್ಡರಿನ ಒಳಗಿದ್ದ ಫೋಲ್ಡರುಗಳನ್ನೂ ಬಿಡದೆ ಓದುತ್ತಿತ್ತು. ಹೊರಗೆ ಏನು ಚೀಟಿ ಅಂಟಿಸಿದರೆ ಅದಕ್ಕೇನಂತೆ?

ಕೊನೆಗೂ ಅಣ್ಣ ಆ ಫೈಲು ತೆರೆದ. ಐದೇ ಸಾಲು. ಕಾವಲುಗಾರನಿಗೆ ಇಪ್ಪತ್ತು ಅಂಕ ಹೆಚ್ಚು. ಕುಂಟ ವೈದ್ಯನಿಗೆ ಇಪ್ಪತ್ತು ಅಂಕ ಕಡಿಮೆ. ಕೆಳಗೆ ವಿವರಣೆ ಎಂಬಲ್ಲಿ ಹೀಗಿತ್ತು: "ಇದು ಯಾರಿಗೂ ಕಾಣಿಸಬಾರದು. ಅವನ ಕಾರ್ಖಾನೆ ಹೋಗಿದೆ. ಈ ಕಾವಲುಗಾರನೂ ಹೋದರೆ ಅವನು ಮನೆಯಿಂದ ಹೊರಗೇ ಬರುವುದಿಲ್ಲ. ಬೇರೆ ಕೆಲಸ ಸಿಗುವ ತನಕ ಇರಲಿ."

ಆ ತಿಂಗಳು ಫ್ಯೂಸುವಿನ ವೈದ್ಯ ಕಾಳಗದಲ್ಲಿ ಎರಡು ಸಲ ಬಿದ್ದಿದ್ದ. ಅಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕು, "ಹೋಗೋ ಕೈಲಾಗದವನೇ" ಅಂದಿದ್ದ. ಫ್ಯೂಸುವೂ ನಕ್ಕಿದ್ದ.

ಮೇಷ್ಟ್ರು ತಮ್ಮ ಹಳೆಯ ನೋಟುಬುಕ್ಕುಗಳನ್ನು ತಿರುವಿದರು. ನಾಲ್ಕು ಸಲವೂ ಕಾವಲುಗಾರನಿಗೆ ಉಳಿದಿದ್ದ ಅಂಕ ಮೂರು, ಹನ್ನೊಂದು, ಏಳು, ಹದಿನಾಲ್ಕು. ಇಪ್ಪತ್ತು ಕಳೆದರೆ ಒಂದೂ ಉಳಿಯುವುದಿಲ್ಲ. ಮೊದಲನೆಯ ಸಲದ ತಾರೀಕು ಆರು ವರ್ಷ ಹಿಂದಿನದು. ಅಣ್ಣ ಆ ತಾರೀಕಿನ ಮೇಲೆ ಬೆರಳಿಟ್ಟು, "ನನ್ನ ನಿಯಮದ ಪ್ರಕಾರ ನಾನು ಸತ್ತು ಆರು ವರ್ಷ ಆಯ್ತು" ಅಂದ. ಯಾರಿಗೂ ನಗು ಬರಲಿಲ್ಲ.

ಮಾರನೆಯ ದಿನ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ಹೊರಟ. ಫ್ಯೂಸು ಒಂದು ಮೂರಂತಸ್ತಿನ ಮನೆಯ ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದೇ ಊರಿನಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.

"ಫೈಲು ಓದಿದೆ ಕಣೋ" ಅಂದ ಅಣ್ಣ.

"ಯಾವಾಗ?"

"ನೆನ್ನೆ."

ಫ್ಯೂಸು ಒಮ್ಮೆ ಅಣ್ಣನನ್ನು, ಒಮ್ಮೆ ನನ್ನನ್ನು ನೋಡಿದ. "ಐದು ಸಾಲು. ಏಳು ವರ್ಷ ಹಿಡೀತಾ?"

"ತಪ್ಪು ನಂದೂ ಇದೆ ಫ್ಯೂಸಣ್ಣ," ಅಂದೆ. "ಚಾಡಿ ಹೇಳಿದ್ದು ನಾನೇ."

"ಗೊತ್ತು ಬಿಡಮ್ಮ. ಅಂಗಡೀಲಿ ಇದ್ದದ್ದು ನೀನೊಬ್ಳೇ ಅಲ್ವಾ."

ಅಣ್ಣ ಅವನ ಕಾಲು ಹಿಡಿಯಲು ಬಗ್ಗಿದಂತೆ ಕಂಡಿತು. ಫ್ಯೂಸು ಕಾಲು ಹಿಂದಕ್ಕೆಳೆದುಕೊಂಡ. "ಅದೆಲ್ಲ ಬೇಡ. ಆಟಕ್ಕೆ ಬಾ ಅಂತಾನೂ ಕರೀಬೇಡ, ನಾನು ಬರಲ್ಲ. ನನ್ನ ಮಕ್ಕಳ ಮುಂದೇನೇ ಮುಖ ತಿರುಗಿಸ್ಕೊಂಡು ಹೋಗಿದೀಯ ನೀನು."

ಅಣ್ಣ ತಡವರಿಸುತ್ತ, "ನನಗೆ ಇಪ್ಪತ್ತು ಕೊಟ್ಟೆ, ಸರಿ. ನಿನ್ನದರಲ್ಲಿ ಯಾಕೋ ಕಳೆದೆ? ಯಾರೂ ನೋಡ್ತಿರಲಿಲ್ವಲ್ಲ" ಅಂದ.

ಫ್ಯೂಸುವಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲವೇನೋ ಎಂಬಂತೆ ಅವನು ಅಣ್ಣನನ್ನು ನೋಡಿದ.

"ಕಳೀದೆ ಸುಮ್ನೆ ಕೊಟ್ಟಿದ್ರೆ ಅದು ಮೋಸ ಆಗ್ತಿತ್ತಲ್ಲೋ" ಅಂದ.