ದೊಡ್ಡಮ್ಮ ಪ್ಲಗ್ ತೆಗೆದ ದಿನ

ಎಡವಟ್ಟು ಶುರುವಾದದ್ದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳುತ್ತೇನೆಂದು ನಗಬೇಡಿ. ದೊಡ್ಡಮ್ಮನ ಕಣ್ಣಿಗೆ ಮದ್ದು ಬಿಡಲೆಂದು ಮೊಬೈಲಿನಲ್ಲಿ ನಾಲ್ಕಕ್ಕೆ ಅಲಾರಾಂ ಇಟ್ಟಿದ್ದೆ. ಸೋಮಾರಿತನದಿಂದ ಹತ್ತು ನಿಮಿಷ ತಡ ಮಾಡಿದ್ದೆ. ಎರಡನೇ ಹನಿ ಬಿಡುವಷ್ಟರಲ್ಲಿ ದೂರದಲ್ಲಿ ಗುಡುಗಿತು. ಈಗಲೂ ಎಲ್ಲಾದರೂ ಆ ಅಲಾರಾಂ ಸದ್ದು ಕೇಳಿದರೆ ನಾನು ಮೊದಲು ನೋಡುವುದು ನೆಲವನ್ನು.

ದೊಡ್ಡಮ್ಮನೆಂದರೆ ನನ್ನ ಅಮ್ಮನ ಅಕ್ಕ, ಮಂಡೆಕೋಲಿನವರು. ಪುತ್ತೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ವಿಶ್ರಾಂತಿ ಎಂದರೆ, ನನ್ನ ಹೆಂಡತಿ ಬ್ಯಾಂಕಿಗೆ ಹೋದ ಮೇಲೆ, ಕಾಲೇಜಿಗೆ ರಜೆಯೆಂದು ಮನೆಯಲ್ಲಿದ್ದ ನನ್ನನ್ನು ವಿಚಾರಿಸಿಕೊಳ್ಳುವುದು. ಬಂದ ದಿನವೇ ನನ್ನ ನಾಲ್ಕಡಿಯ ಗಾಜಿನ ತೊಟ್ಟಿಯ ಮುಂದೆ ನಿಂತು ಕೇಳಿದ್ದರು: "ಇಷ್ಟೆಲ್ಲ ಓದಿ, ಸಾರಿಗೂ ಆಗದ ಮೀನು ಸಾಕುದಾ ನೀನು?"

ಸಾರಿಗಾಗದ ಆ ಮೀನುಗಳಿಗೆ ವಾರಕ್ಕೊಮ್ಮೆ ನೀರು ಬದಲಿಸಿ ನನ್ನ ಸೊಂಟ ಹೋಗಿತ್ತು. ಆಗ ಮೊಬೈಲಿನಲ್ಲಿ ಕಂಡದ್ದು ಸಂಪು. ಅಂಗಳದಲ್ಲಿ ಹೂತಿಡುವ ಸಂಪಲ್ಲ. ತೊಟ್ಟಿಯ ಅಡಿಯಲ್ಲಿಡುವ ಇನ್ನೊಂದು ಗಾಜಿನ ಪೆಟ್ಟಿಗೆ. ಮೇಲಿನಿಂದ ತುಂಬಿ ಹೊರಬಿದ್ದ ನೀರು ಇದಕ್ಕಿಳಿದು, ಸ್ಪಂಜು ಮತ್ತು ಹಂಚಿನ ಚೂರುಗಳನ್ನು ದಾಟಿ ಶುದ್ಧವಾಗಬೇಕು. ಸಣ್ಣ ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳಬೇಕು. ಕಟ್ಟಿಕೊಡಲು ಐವರ್ನಾಡಿನಿಂದ ಭಾವ ಬಂದರು. ಅವರು ನನ್ನ ಹೆಂಡತಿಯ ಅಣ್ಣ, ತೋಟಗಳಿಗೆ ಪೈಪು ಎಳೆಯುವುದರಲ್ಲಿ ಎತ್ತಿದ ಕೈ.

"ಇದಕ್ಕೆ ಎಂತದು ವಿಡಿಯೋ ನೋಡುದು ಭಾವ? ಗುಡ್ಡೆಯ ತುದಿಗೆ ನೀರು ಹತ್ತಿಸಿದವ ನಾನು," ಎಂದರು.

"ಪಂಪು ನಿಂತರೆ?" ಎಂದು ನಾನು ಕೇಳಿದ್ದು ನಿಜ.

"ನಿಂತರೆ ಪೈಪಿನ ನೀರು ಹಿಂದೆ ಬರ್ತದೆ. ಬರ್ಲಿ. ಪಂಪು ನಿಂತು ಬಾವಿ ಉಕ್ಕಿದ್ದು ಎಲ್ಲಾದ್ರೂ ಉಂಟಾ ಮಾರಾಯ್ರೆ?"

ನಾನೂ ನಕ್ಕೆ. ನಮ್ಮ ಈ ಬಾವಿಯ ಆಳ ಮೊಣಕಾಲಿನಷ್ಟೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ನೀರು ಬೀಳುವ ಸದ್ದು ಬೇಡವೆಂದು ಮೇಲೆ ಹೋಗುವ ಪೈಪಿನ ಬಾಯಿಯನ್ನು ತೊಟ್ಟಿಯ ತಳದವರೆಗೆ ಇಳಿಸಿದೆವು. ಪಂಪಿನ ಎಕ್ಸ್‌ಟೆನ್ಶನ್ ಬೋರ್ಡನ್ನು ಸಂಪಿನ ಪಕ್ಕ ನೆಲದಲ್ಲೇ ಇಟ್ಟೆವು. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಮರುದಿನ ಸಂಜೆಯವರೆಗೆ ಒಮ್ಮೆಯೂ ಹೋಗಲಿಲ್ಲ. ಹೋಗಿದ್ದರೆ ಅಂದೇ ಪಾಠ ಕಲಿಯುತ್ತಿದ್ದೆವು.

ಗುಡುಗಿದರೆ ಪ್ಲಗ್ ತೆಗೆಯದ ಮನೆ ನಮ್ಮ ಕಡೆ ಇಲ್ಲ. ಅಂಗಳದಲ್ಲಿರುವ ಮಕ್ಕಳನ್ನು ಒಳಗೆ ಕರೆಯುವ ಮೊದಲು ಟಿ.ವಿ.ಯ ವಯರು ಕೀಳುವವರು ನಾವು. ಆ ಸಂಜೆ ಗುಡುಗಿದ್ದೇ ದೊಡ್ಡಮ್ಮನೂ ಮದ್ದಿನ ಕಣ್ಣು ಮುಚ್ಚಿಕೊಂಡೇ ಎದ್ದರು. ಗೋಡೆ ಸವರುತ್ತ ಟಿ.ವಿ., ಫ್ರಿಜ್ಜು, ಕೊನೆಗೆ ತೊಟ್ಟಿಯ ಪ್ಲಗ್ಗನ್ನೂ ತೆಗೆದರು. ನಾನು ಒಣಗಿದ ಬಟ್ಟೆಯನ್ನು ಒಳಗೆ ತಂದು, ಜಗಲಿಯಲ್ಲಿ ಕೂತು ಭಾವನಿಗೆ ಫೋನು ಮಾಡಿದೆ. ಸಂಪು ಬಹಳ ಚೆನ್ನಾಗಿ ಓಡುತ್ತಿದೆ ಎಂದು ಅರ್ಧ ಗಂಟೆ ಹೊಗಳಿದೆ. ಅಷ್ಟೂ ಹೊತ್ತು ಒಳಗೆ ತೊಟ್ಟಿಯ ನೀರು ಅದೇ ಪೈಪಿನಲ್ಲಿ ಸದ್ದಿಲ್ಲದೆ ಹಿಂದಕ್ಕಿಳಿದು, ಸಂಪು ತುಂಬಿ, ನೆಲಕ್ಕೆ ಹರಿಯುತ್ತಿತ್ತು. ಗುಡುಗು ಸುಳ್ಯದ ಕಡೆಗೆ ಹೋಯಿತು. ದೊಡ್ಡಮ್ಮ ಶಿಸ್ತಾಗಿ ಎಲ್ಲ ಪ್ಲಗ್ ಮತ್ತೆ ಹಾಕಿದರು.

"ನಿನ್ನ ಮನೆಯ ನೆಲದಲ್ಲಿ ಎಂತ ಉಂಟು ಮಾರಾಯ? ಕಾಲು ಜುಂ ಅಂತದೆ!"

ಕೂತು ಕೂತು ಕಾಲು ಜೋಮು ಹಿಡಿದಿರಬೇಕೆಂದು ನಿಧಾನವಾಗಿಯೇ ಬಾಗಿಲಿಗೆ ಬಂದೆ. ತೊಟ್ಟಿ ಮುಕ್ಕಾಲು ಖಾಲಿ. ನೆಲದ ತುಂಬ ನೀರು. ನೀರಿನೊಳಗೆ ಬೋರ್ಡಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಕಪ್ಪು ಕನ್ನಡಕದ ದೊಡ್ಡಮ್ಮ ನಡುವೆ ಬರಿಗಾಲಿನಲ್ಲಿ ನಿಂತು, ಆಧಾರಕ್ಕೆಂದು ತೊಟ್ಟಿಯ ಕಬ್ಬಿಣದ ಸ್ಟ್ಯಾಂಡಿನತ್ತ ಕೈ ಚಾಚುತ್ತಿದ್ದರು.

ನಾನು ಕೂಗಿದೆ: "ಅಯ್ಯೋ, ಮೀನು!"

ಆಮೇಲೆ ಜಗಲಿಯ ಮೈನ್ ಸ್ವಿಚ್ಚಿಗೆ ಓಡಿದೆ. ನಾಲ್ಕೇ ಹೆಜ್ಜೆ; ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಆಫ್ ಮಾಡಿ ತಿರುಗಿದಾಗ ಅವರ ಕೈ ಸ್ಟ್ಯಾಂಡಿನಿಂದ ಒಂದು ಗೇಣು ದೂರದಲ್ಲಿತ್ತು.

ಅವರಿಗೇನೂ ಆಗಿಲ್ಲವೆಂದು ಡಾಕ್ಟರು ಹೇಳಿದರು. ಮರುದಿನ ಭಾವ ಬಂದರು, ಒಂದು ತಮಾಷೆಯನ್ನೂ ಆಡಲಿಲ್ಲ. ಮೇಲೆ ಹೋಗುವ ಪೈಪಿಗೆ, ತೊಟ್ಟಿಯ ನೀರಿನ ಮಟ್ಟದ ತುಸು ಕೆಳಗೆ, ಒಂದು ಸಣ್ಣ ತೂತು ಕೊರೆದರು. ಪಂಪು ನಿಂತು ನೀರು ಬೆರಳಷ್ಟು ಇಳಿಯುತ್ತಲೇ ತೂತಿನಿಂದ ಗಾಳಿ ಹೊಕ್ಕು ಹರಿವು ನಿಲ್ಲುತ್ತದೆ. ಇಷ್ಟೇ ಆಗಬೇಕಿದ್ದದ್ದು! ಬೋರ್ಡು ಗೋಡೆಯ ಮೇಲೇರಿತು. ಶಾಕ್ ಹೊಡೆಯುವ ಮೊದಲೇ ತಾನಾಗಿ ಆಫ್ ಆಗುವ ಸ್ವಿಚ್ಚೊಂದು ಜಗಲಿಗೆ ಬಂತು. ಪ್ಲಗ್ ಕಿತ್ತು ಕಿತ್ತು ಇಪ್ಪತ್ತು ಸಲ ಪರೀಕ್ಷಿಸಿದೆವು. ನೆಲಕ್ಕೆ ಒಂದು ಹನಿ ಬೀಳಲಿಲ್ಲ.

ಸಂಪು ಸರಿಯಾಯಿತು, ನಾನು ಆಗಲಿಲ್ಲ. ಕಣ್ಣು ಮುಚ್ಚಿದರೆ ಆ ಕೈ. ಕೈಗಿಂತ ಹೆಚ್ಚಾಗಿ ನನ್ನದೇ ಆ ಕೂಗು. ಎತ್ತಿ ಆಡಿಸಿದ ದೊಡ್ಡಮ್ಮ ಕರೆಂಟಿನ ನೀರಿನಲ್ಲಿ ನಿಂತಿರುವಾಗ ನನ್ನ ಬಾಯಿಗೆ ಬಂದದ್ದು ಮೀನು! ಹನ್ನೊಂದು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಆದಿತ್ಯವಾರ ಕಣ್ಣಿಗೆ ಮದ್ದು ಬಿಡುವಾಗ, ಅವರು ಮೇಲೆ ನೋಡುತ್ತಿರುವ ಹೊತ್ತಿಗೇ ಹೇಳಿಬಿಟ್ಟೆ.

"ದೊಡ್ಡಮ್ಮ, ಅವತ್ತು ನಾನು ಮೊದಲು ಕೂಗಿದ್ದು ಮೀನು ಅಂತ."

"ಕೇಳಿದ್ದೆ. ಆಪರೇಶನ್ ಆದದ್ದು ಕಣ್ಣಿಗೆ, ಕಿವಿಗಲ್ಲ."

"ಬೇಜಾರಾಗ್ಲಿಲ್ವಾ?"

"ಎಂತಕ್ಕೆ? ನೀನು ಕೂಗುವಾಗ ನಾನು ಒಲೆಯಲ್ಲಿ ಇಟ್ಟ ಹಾಲು ಉಕ್ಕಿತಾ ಅಂತ ಯೋಚನೆ ಮಾಡ್ತಾ ಇದ್ದೆ." ಕಣ್ಣಿನಂಚು ಒರೆಸಿಕೊಂಡು ಅವರೇ ಕೇಳಿದರು: "ಕೂಗಿದ ಮೇಲೆ ಮೈನ್ ಆಫ್ ಮಾಡ್ಲಿಕ್ಕೆ ಓಡಿದ್ದು ಯಾರು, ಮೀನಾ?"

ಮರುದಿನ ನಾನು ಎದ್ದಾಗ ಬಿಸಿಲು ಜಗಲಿ ಹತ್ತಿತ್ತು. ಅಂಗಳವಿಡೀ ಒದ್ದೆಯಾಗಿತ್ತು.

"ರಾತ್ರಿ ಮಳೆ ಬಂತಾ? ನಂಗೆ ಗೊತ್ತೇ ಆಗ್ಲಿಲ್ಲ," ಎಂದು ಹೆಂಡತಿಯನ್ನು ಕೇಳಿದೆ.